ಕಾರು ಹತ್ತಿದ ಸ್ಲೀಪರ್ ಮರ

ಹೋದ ಚಳಿಗಾಲ ಹಳೆಯ ಸಹೋದ್ಯೋಗಿಯೊಬ್ಬರ ಮಗನ ಮದುವೆಗೆಂದು ಬರೋಡಾಕ್ಕೆ ಹೋಗಿದ್ದೆವು. ಊರಿನ ಹೆಸರು ವಡೋದರಾ ಎಂದಾಗಿ ಎಷ್ಟೋ ಕಾಲವಾಗಿದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಬರೋಡಾನೇ. ಅಲ್ಕಾಪುರಿ ಬಡಾವಣೆಯಲ್ಲಿ ಮದುವೆ. ಊಟ ಮುಗಿದದ್ದೇ ಗಿರಿಜಾ, "ಬರ್ರಿ, ನಮ್ಮ ಮನೀ ನೋಡಿಕೊಂಡು ಹೋಗೂಣು" ಅಂದಳು. ನಮ್ಮ ಮನೆ ಅಂದರೆ ನನ್ನ ನೌಕರಿಯ ಕೊನೆಯ ವರ್ಷಗಳನ್ನೆಲ್ಲ ಕಳೆದ ಬಾಡಿಗೆಯ ಫ್ಲ್ಯಾಟು, ಅಲ್ಲಿಂದ ನಾಲ್ಕು ಹೆಜ್ಜೆ.

ಕಟ್ಟಡಕ್ಕೆ ಹೊಸ ಬಣ್ಣ, ಹೊಸ ಲಿಫ್ಟು ಬಂದಿದ್ದವು. ಪಾರ್ಕಿಂಗಿನ ಮೂಲೆಯಲ್ಲಿ ವಾಚ್‌ಮನ್ ನೀರಿನ ಮಡಕೆ ಇಟ್ಟುಕೊಂಡಿದ್ದ. ಮಡಕೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಪ್ಪು ಮರ. ಹತ್ತಿರ ಹೋಗಿ ಬಗ್ಗಿದೆ. ಕಾದ ಟಾರಿನಂಥ ಘಾಟು ಮೂಗಿಗೆ ಬಡಿಯಿತು. ಹಳಿಯ ಪಕ್ಕ ಬದುಕು ಕಳೆದವರಿಗೆ ಆ ವಾಸನೆ ಸಾಕು. "ಏನಪ್ಪಾ ಇದು?" ಎಂದು ಹಿಂದಿಯಲ್ಲಿ ಕೇಳಿದೆ. "ಪತಾ ನಹೀ ಸಾಬ್, ಪೆಹಲೇ ಸೇ ಹೈ" ಅಂದ. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

ಅವನಿಗೆ ಹೇಗೆ ಗೊತ್ತಾಗಬೇಕು? ಆ ಮರದ ಮೇಲೆ ಒಂದು ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಯಂದು, ಇಡೀ ಅಪಾರ್ಟ್‌ಮೆಂಟಿನ ಕಣ್ಣೆದುರು ನನ್ನ ಮಗಳು ಕಾರು ಹತ್ತಿಸಿದ್ದಳು.

ನಾನು ಗದಗ ಕಡೆಯವನು, ರೈಲ್ವೆಯಲ್ಲಿ ಎಂಜಿನಿಯರ್. ಹಳಿ ತಪ್ಪಿದ ಬೋಗಿಗಳನ್ನು ಎತ್ತಿ ಮತ್ತೆ ಹಳಿಯ ಮೇಲೆ ಕೂರಿಸುವ ತಂಡದಲ್ಲಿ ಬಹಳ ಕಾಲ ದುಡಿದೆ. ಹಿರೇಮಠ ಅನ್ನುವ ನನ್ನ ಅಡ್ಡಹೆಸರು ಗುಜರಾತಿಗಳ ನಾಲಿಗೆಯಲ್ಲಿ ತಿರುಗದೆ ಕೊನೆಗೆ ಹೀರಾಭಾಯ್ ಆಗಿ ನಿಂತಿತ್ತು. ಮಗಳು ಸಹನಾ ಚಿಕ್ಕವಳಿದ್ದಾಗಲೇ ಗುಜರಾತಿಗೆ ಬಂದವಳು. ಗುಜರಾತಿ, ಹಿಂದಿ ನೀರು ಕುಡಿದಷ್ಟು ಸಲೀಸು, ಕನ್ನಡ ಮಾತ್ರ ಕುಂಟುತ್ತಿತ್ತು. ಹಿಂದಿಯಲ್ಲಿ ಗಾಡಿ ಹೆಣ್ಣಲ್ಲವೇ, ಹಾಗಾಗಿ ಅವಳ ಕನ್ನಡದಲ್ಲಿ ಕಾರು ಯಾವಾಗಲೂ "ಅವಳು". "ಪಪ್ಪಾ, ಅವಳು ಸ್ಟಾರ್ಟ್ ಆಗ್ತಾ ಇಲ್ಲ" ಅಂದರೆ ಮೊದಮೊದಲು ನಾನು ಯಾರಪ್ಪಾ ಅವಳು ಎಂದು ಸುತ್ತ ನೋಡುತ್ತಿದ್ದೆ.

ನಾನು ಹೇಳುತ್ತಿರುವುದು ಗುಜರಾತಿನ ಆ ದೊಡ್ಡ ಭೂಕಂಪವಾಗಿ ಒಂದೆರಡು ವರ್ಷ ಕಳೆದ ಮೇಲಿನ ಮಾತು. ಸಹನಾ ಆಗ ಮೆಕ್ಯಾನಿಕಲ್ ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿದ್ದಳು. ನಮ್ಮ ಹಳೆಯ ಸಣ್ಣ ಕಾರನ್ನು ಅವಳಿಗೇ ಬಿಟ್ಟುಕೊಟ್ಟಿದ್ದೆ. ದೀಪಾವಳಿ ರಜೆಯಲ್ಲಿ ನಾನು ಡ್ಯೂಟಿಯ ಮೇಲೆ ಸೂರತ್ತಿಗೆ ಹೋಗಿ ಬರುವಷ್ಟರಲ್ಲಿ ಅವಳು ಅದರ ಸ್ಪ್ರಿಂಗುಗಳನ್ನು ಕಳಚಿ ಗಿಡ್ಡ ಸ್ಪ್ರಿಂಗು ಹಾಕಿಸಿಬಿಟ್ಟಿದ್ದಳು. ಬಂದು ನೋಡಿದರೆ ನನ್ನ ಕಾರು ಮಂಡಿಯೂರಿ ಕೂತಿದೆ! ಗಾಲಿಯ ಮೇಲೆ ಬೆರಳು ತೂರಲೂ ಜಾಗವಿಲ್ಲ, ಮುಂದಿನ ಬಂಪರ್ ನೆಲಕ್ಕೆ ಮುತ್ತಿಡುವಂತಿದೆ.

"ಇದೇನ ಮಾಡಿದೆವಾ? ಗಾಡಿಯ ಕಾಲ ಮುರಿದು ಕೂಡಿಸೀಯಲ್ಲ!" ಎಂದು ಕೂಗಾಡಿದೆ.

"ಪಪ್ಪಾ, ಅವಳು ತಿರುವಿನಲ್ಲಿ ವಾಲಬಾರದು, ಇಸೀಲಿಯೇ."

"ಬೋಗಿನೇ ವಾಲ್ತಾವ, ನಿನ್ನ ಗಾಡಿ ಯಾವ ಲೆಕ್ಕ?"

ಜನವರಿಯಲ್ಲಿ, ಉತ್ತರಾಯಣ ಕಳೆದ ಭಾನುವಾರ, ಊರ ಹೊರಗಿನ ಬಯಲಿನಲ್ಲಿ ಕಾರು ಓಡಿಸುವ ಸ್ಪರ್ಧೆ ಇದೆ, ಅದಕ್ಕೆ ಹೆಸರು ಕೊಟ್ಟಿದ್ದೇನೆ ಎಂದಳು. ಕೋನ್‌ಗಳ ನಡುವೆ ಹಾವಿನಂತೆ ಸುತ್ತಿ, ಯಾವುದನ್ನೂ ಬೀಳಿಸದೆ, ಎಲ್ಲರಿಗಿಂತ ಬೇಗ ಮುಗಿಸಬೇಕು. ಯಾಕೆ ಇದರ ಉಸಾಬರಿ ಎಂದು ಕೇಳಿದರೆ ಮಾತು ನುಂಗಿಕೊಂಡಳು. ಅಲ್ಲಿಂದ ಮುಂದೆ ನಮ್ಮಿಬ್ಬರ ಮಾತು ಉಪ್ಪು ಕೊಡು, ಪೇಪರ್ ಕೊಡು ಅನ್ನುವಷ್ಟಕ್ಕೆ ನಿಂತಿತು.

ನಮ್ಮ ಗೇಟಿನ ಬಳಿ ಒಂದು ಉಬ್ಬು ಇತ್ತು. ಅದನ್ನು ದಾಟುವಾಗೆಲ್ಲ ಕಾರಿನ ಹೊಟ್ಟೆ ಕರ್ ಎಂದು ಉಜ್ಜುತ್ತಿತ್ತು. ಸೊಸೈಟಿಯ ಸೆಕ್ರೆಟರಿ ಜಯಂತಿಭಾಯ್ ಆ ಸದ್ದಿಗೇ ಕಾದವರಂತೆ ಬಾಲ್ಕನಿಗೆ ಬರುತ್ತಿದ್ದರು. ಉತ್ತರಾಯಣಕ್ಕೆ ಇನ್ನು ಎರಡು ದಿನ ಇರುವಾಗ ಕರ್ ಅನ್ನಲಿಲ್ಲ, ದಢ್ ಅಂದಿತು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ ಇರುತ್ತದೆ, ಸಂಪ್ ಅನ್ನುತ್ತಾರೆ. ಅದು ಸೀಳಿತ್ತು. ಹೊಸದಾಗಿ ಹಾಸಿದ ಕೋಟಾ ಕಲ್ಲಿನ ಮೇಲೆ ಕರಿ ಎಣ್ಣೆ ಗೇಟಿನಿಂದ ಪಾರ್ಕಿಂಗಿನವರೆಗೆ ಗೆರೆ ಎಳೆಯಿತು.

"ಹೀರಾಭಾಯ್, ಹಬ್ಬ ಮುಗಿಯೋದರೊಳಗೆ ಈ ಗಾಡಿ ಇಲ್ಲಿಂದ ಹೋಗಬೇಕು" ಎಂದು ಜಯಂತಿಭಾಯ್ ಖಂಡತುಂಡವಾಗಿ ಹೇಳಿದರು. ನಾನು ಎದುರಾಡಲಿಲ್ಲ. ಮಾರಿದರೆ ಪೀಡೆ ಹೋಯಿತು ಎಂದುಕೊಂಡೆ.

ಸಹನಾ ಅಂದೇ ಹಳೆಯ ಬಿಡಿಭಾಗಗಳ ಅಂಗಡಿಯಿಂದ ಒಂದು ಒಳ್ಳೆಯ ಸಂಪ್ ಹುಡುಕಿ ತಂದಳು. ಹಾಕುವವರು ಯಾರು? ಅವಳ ಮೆಕ್ಯಾನಿಕ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಆ ವಾರ ಗುಜರಾತಿನಲ್ಲಿ ಗಾಳಿಪಟ ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ತೆರೆದಿದ್ದ ಒಂದಿಬ್ಬರು ಗ್ಯಾರೇಜಿನವರೂ ಇಷ್ಟು ತಗ್ಗಿನ ಗಾಡಿಗೆ ನಮ್ಮ ಜ್ಯಾಕ್ ತೂರುವುದಿಲ್ಲ ಎಂದರು.

ಮರುದಿನ ಬೆಳಿಗ್ಗೆ ಹಾಲು ತರಲು ಕೆಳಗಿಳಿದೆ. ಸಹನಾ ಕಾರಿನ ಪಕ್ಕ ನೆಲದ ಮೇಲೆ ಮಲಗಿದ್ದಳು. ಬಾಗಿಲ ಕೆಳಗಿನ ಅಂಚಿಗೆ ಸಣ್ಣ ಜ್ಯಾಕ್ ಕೊಟ್ಟು ಒಂದು ಬದಿ ಎತ್ತಿದ್ದಳು. ಎತ್ತಿದ ಸಂದಿಗೆ ಇಟ್ಟಿಗೆ ತುರುಕಲು ಕೈ ಚಾಚಿದ್ದಳು. ನಾನು "ಏ!" ಎನ್ನುವಷ್ಟರಲ್ಲಿ ಜ್ಯಾಕ್ ವಾಲಿತು. ಕಾರು ಧೊಪ್ಪನೆ ಕುಸಿಯಿತು, ಇಟ್ಟಿಗೆ ಪುಡಿಯಾಯಿತು. ಅವಳು ಕೈ ಎಳೆದುಕೊಂಡಿದ್ದಳು. ಒಂದು ಉಸಿರಿನಷ್ಟು ಮೊದಲು.

ನಾನು ಹಾಲಿನ ಪಾತ್ರೆಯ ಸಮೇತ ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು.

"ಎತ್ತಿದ ಮ್ಯಾಲೆ ಕಟಗಿ ಇಡಲಾರದ ಒಳಗ ಕೈ ಹಾಕಬಾರದವಾ" ಎಂದೆ ಕೊನೆಗೆ. "ಬೋಗಿ ಇರಲಿ, ಕಾರು ಇರಲಿ. ನಾವು ಜ್ಯಾಕ್ ನಂಬೂದಿಲ್ಲ, ಕಟಗಿ ನಂಬತೇವಿ."

"ದೊಡ್ಡ ಜ್ಯಾಕೇ ಹೋಗಲ್ಲ ಪಪ್ಪಾ, ಕಟಗಿ ಹೇಗೆ ಹೋಗ್ತಾಳೆ?"

"ಎತ್ತೂದ ಬ್ಯಾಡ. ಗಾಡಿನೇ ಕಟಗಿ ಮ್ಯಾಲೆ ಹತ್ತಲಿ."

ಹೇಳಿದ ಮೇಲೆ ನನಗೇ ಹುರುಪು ಬಂತು. ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ಹೊರಟೆವು. ಮರದ ಅಡ್ಡೆಗೆ ಅಲ್ಲಿ ಲಾಟಿ ಅನ್ನುತ್ತಾರೆ. ಹಳಿಗಳ ಕೆಳಗೆ ಕಾಂಕ್ರೀಟ್ ಬಂದು ಮರದ ಸ್ಲೀಪರುಗಳು ಹರಾಜಾಗಿ ಲಾಟಿಗಳನ್ನು ಸೇರುತ್ತಿದ್ದ ಕಾಲವದು. ಬಿಸಿಲು, ಮಳೆ, ರೈಲಿನ ಭಾರ ಎಲ್ಲ ಉಂಡ ಮರ, ಒಂದು ಕಾರಿಗೆ ಹೆದರುವುದಿಲ್ಲ. ಕೊಯ್ಯುವವನು ಮಾತ್ರ ಒಪ್ಪಲಿಲ್ಲ. ಒಳಗೆ ಕಬ್ಬಿಣದ ಮೊಳೆ ಇದ್ದರೆ ಗರಗಸ ಹಾಳು ಎಂದ. ಸಹನಾ ಅಲ್ಲೇ ಕೂತು ಸನ್ನೆಕೋಲಿನಿಂದ ಮೊಳೆಗಳನ್ನು ಕಿತ್ತಳು. ತನ್ನ ಕೈಯಿಂದಲೇ ಪ್ರತಿ ತೂತನ್ನೂ ತಡವಿ, ಕಡ್ಡಿ ಆಡಿಸಿ, "ಕಾಕಾ, ಈಗ ಕೊಯ್ಯಿ" ಎಂದು ಗುಜರಾತಿಯಲ್ಲಿ ಅಪ್ಪಣೆ ಕೊಟ್ಟಳು. ಗರಗಸ ಮರಕ್ಕಿಳಿದಾಗ ಹೊರಗೆ ಕಪ್ಪಿದ್ದದ್ದು ಒಳಗೆ ಕೆಂಪಗೆ ತೆರೆಯಿತು. ಟಾರಿನ ಘಾಟು, ಹಸಿ ಹೊಟ್ಟಿನ ವಾಸನೆ ಎರಡೂ ಸೇರಿ ನಮ್ಮ ತಲೆಗೂದಲಿಗೆಲ್ಲ ಹಿಡಿಯಿತು. ಹಲಗೆಗಳನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಬಂದೆವು.

ಅಂದು ಸಂಜೆಯೇ ಮೊದಲ ಜೋಡಿ ತಯಾರಾಯಿತು. ಅದು ನನ್ನ ಲೆಕ್ಕ. ಒಂದರ ಮೇಲೊಂದು ಗಿಡ್ಡ ಹಲಗೆ ಇಟ್ಟು, ತುದಿ ಇಳಿಜಾರು ಮಾಡಿ, ಉದ್ದ ಸ್ಕ್ರೂಗಳಿಂದ ಬಿಗಿದೆ. ಸೋರಿಹೋಗುವುದರೊಳಗೆ ಹತ್ತಿಸಲೆಂದು ಸಹನಾ ಎಂಜಿನ್ನಿಗೆ ಒಂದಷ್ಟು ಎಣ್ಣೆ ಸುರಿದು ಕಾರನ್ನು ಮೆಲ್ಲಗೆ ಮುಂದೆ ತಂದಳು. ಗಾಲಿ ಮರವನ್ನು ಮುಟ್ಟುವ ಮೊದಲೇ ಬಂಪರ್ ಹೋಗಿ ಮರಕ್ಕೆ ಹಣೆ ಹಚ್ಚಿ ನಿಂತಿತು. ಇಷ್ಟು ವರ್ಷ ಬೋಗಿ ಎತ್ತಿದವನಿಗೆ ಕಾರಿಗೆ ಮೂಗಿದೆ ಅನ್ನುವುದೇ ಹೊಳೆದಿರಲಿಲ್ಲ. ಗಿರಿಜಾ ಮೇಲಿನಿಂದ ಬಗ್ಗಿ ನೋಡಿ, "ಏನ್ರೀ, ಎಮ್ಮಿ ನೀರಿಗೆ ಇಳೀಲಾರದಂಗ ನಿಂತದಲ್ಲ!" ಎಂದಳು.

ಎಲ್ಲ ಬಿಚ್ಚಿ ಮತ್ತೆ ಮಾಡಿದೆವು. ಸಹನಾ ರಟ್ಟಿನ ಮೇಲೆ ಬಂಪರಿನ ಆಕಾರ ಕತ್ತರಿಸಿಕೊಂಡು, ಅದನ್ನು ಮರದ ಮೇಲೆ ಜಾರಿಸುತ್ತ ಎಲ್ಲಿ ತಾಗುತ್ತದೆ ನೋಡಿದಳು. ಮೆಟ್ಟಿಲುಗಳು ಅಗಲವಾದವು, ಇಳಿಜಾರು ಉದ್ದವಾಯಿತು. ಕೊನೆಯಲ್ಲಿ ಗಾಲಿ ಆಚೆ ಉರುಳದಂತೆ ಅಡ್ಡ ಕಟ್ಟಿಗೆ ಬಿಗಿದೆ.

ಹಬ್ಬದ ಬೆಳಿಗ್ಗೆ. ಮನೆಗಳೆಲ್ಲ ಖಾಲಿ, ಜನವೆಲ್ಲ ಮಾಳಿಗೆಯ ಮೇಲೆ. ಆಕಾಶದಲ್ಲಿ ಬರೀ ಗಾಳಿಪಟ. ಯಾರದಾದರೂ ದಾರ ಹರಿದಾಗ ಊರಿಗೆ ಊರೇ "ಏ ಕಾಪ್ಯೋ ಛೇ!" ಎಂದು ಕೂಗುತ್ತಿತ್ತು. ನಾವು ಕೆಳಗೆ ಎರಡನೆಯ ಸಲ ಕಾರು ಹೊರಡಿಸಿದೆವು. ಈ ಸಲ ಬಂಪರ್ ತಾಗಲಿಲ್ಲ. ಆದರೆ ಗಾಲಿ ಒತ್ತಿದ ಕೂಡಲೇ ಮರವೇ ನುಣುಪು ಕಲ್ಲಿನ ಮೇಲೆ ಸರ್ರನೆ ಜಾರಿ ಹೋಗಿ ಗೋಡೆಗೆ ಬಡಿಯಿತು. ಮತ್ತೆ ಹಚ್ಚಿದೆವು, ಮತ್ತೆ ಜಾರಿತು. ಗೋಣಿ ಹಾಸಿದರೆ ಗೋಣಿಯೂ ಜೊತೆಗೆ ಜಾರಿತು. ಸುರಿದ ಎಣ್ಣೆಯೆಲ್ಲ ಮತ್ತೆ ನೆಲಕ್ಕೆ ಹನಿಯುತ್ತಿತ್ತು.

ಸದ್ದು ಕೇಳಿ ಜಯಂತಿಭಾಯ್ ಇಳಿದು ಬಂದರು. ಕೈಯಲ್ಲಿ ದಾರದ ಫಿರ್ಕಿ, ಬೆರಳಿಗೆಲ್ಲ ಪಟ್ಟಿ. "ಹಬ್ಬದ ದಿನಾನೂ ಬಿಡಲ್ವಾ? ಸಾಕು ಮಾಡಿ ಹೀರಾಭಾಯ್" ಎಂದರು. ನನಗೂ ಸಾಕೆನಿಸಿತ್ತು. ಸಹನಾ ಮಾತ್ರ ಕಾರಿನಿಂದಿಳಿದು, ಸೊಂಟದ ಮೇಲೆ ಕೈಯಿಟ್ಟು, ಆ ಮರವನ್ನೇ ನೋಡುತ್ತ ನಿಂತಿದ್ದಳು. ಇದ್ದಕ್ಕಿದ್ದಂತೆ ಹೇಳಿದಳು:

"ಪಪ್ಪಾ, ಅವಳೇ ಹಿಡಿದುಕೊಳ್ಳಲಿ!"

"ಯಾರು?"

"ಗಾಡಿ! ಕೆಳಗಿನ ಹಲಗೆ ಹಿಂದೆ ಉದ್ದ ಬಿಡೋಣ, ಜೀಭ್ ಹಾಗೆ. ಗಾಲಿ ಮೊದಲು ನಾಲಿಗೆ ಮೇಲೆ ನಿಲ್ತಾಳೆ. ಅವಳ ವಜನ್ ಅವಳೇ ಹಾಕ್ತಾಳೆ. ಮತ್ತೆ ಮರ ಎಲ್ಲಿ ಓಡ್ತಾಳೆ?"

ಒಂದು ಕ್ಷಣ ನನಗೆ ತಿಳಿಯಲಿಲ್ಲ. ತಿಳಿದಾಗ ಹಣೆ ಬಡಿದುಕೊಂಡೆ. ಕಾರಿನ ಭಾರವೇ ಮರವನ್ನು ಒತ್ತಿ ಹಿಡಿದಿದ್ದರೆ ಬೇರೆ ಯಾರು ಹಿಡಿಯಬೇಕು? ಉಳಿದಿದ್ದ ಎರಡು ಉದ್ದ ಹಲಗೆಗಳನ್ನು ಅಡಿಗೆ ಕೊಟ್ಟು ಬಿಗಿದೆವು. ಅಷ್ಟರಲ್ಲಿ ಗಿರಿಜಾ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಹಿಡಿದು ಇಳಿದು ಬಂದಳು. ಒಂದು ರೊಟ್ಟಿ ಜಯಂತಿಭಾಯ್ ಕೈಗೂ ಬಂತು. ರೊಟ್ಟಿ ತಿನ್ನುತ್ತ ಅವರು ಹೋಗುವುದನ್ನೇ ಮರೆತರು.

ಸಹನಾ ಒಳಗೆ ಕೂತಳು. ಮುಂದಿನ ಗಾಲಿಗಳು ನಾಲಿಗೆಯ ಮೇಲೆ ಬಂದು ನಿಂತವು. ನಾನು ಪಕ್ಕದಲ್ಲಿ ಮಂಡಿಯೂರಿ ಕೈ ಎತ್ತಿದೆ. ಎಂಜಿನ್ ಗುರ್ ಎಂದಿತು. ಮರ ಕಿರ್ ಎಂದಿತೇ ಹೊರತು ಅಲುಗಲಿಲ್ಲ. ಮೊದಲ ಮೆಟ್ಟಿಲು. ಎರಡನೆಯದು. ಜಯಂತಿಭಾಯ್‌ಗೆ ತಡೆಯಲಾಗಲಿಲ್ಲ. ಫಿರ್ಕಿಯನ್ನು ಕಂಕುಳಲ್ಲಿ ಒತ್ತಿಕೊಂಡು ಕಾರಿನ ಎದುರಿಗೆ ಹೋಗಿ ನಿಂತು, ಎರಡೂ ಕೈ ಬೀಸುತ್ತ, "ಆವ್ವಾ ದೋ, ಆವ್ವಾ ದೋ! ಥೋಡು ಡಾಬೇ... ಆವ್ವಾ ದೋ!" ಎಂದು, ಬರಲಿ ಬರಲಿ, ಸ್ವಲ್ಪ ಎಡಕ್ಕೆ ಅಂತ ದಾರಿ ತೋರಿಸತೊಡಗಿದರು. ಅವರ ಗದ್ದಲ ಕೇಳಿ ಮಾಳಿಗೆಯ ಅಂಚಿಗೆ ತಲೆಗಳು ಬಂದವು. ಕೊನೆಯ ಮೆಟ್ಟಿಲು ಹತ್ತಿ ಗಾಲಿ ಅಡ್ಡ ಕಟ್ಟಿಗೆಗೆ ತಾಗಿದ್ದೇ, "ಬಸ್! ಬಸ್!" ಎಂದು ಅವರು ಕುಣಿದೇಬಿಟ್ಟರು. ಮೇಲಿನಿಂದ ಯಾರೋ ಪೀಪಿ ಊದಿದರು. ಯಾರ ಗಾಳಿಪಟವೂ ಹರಿಯದಿದ್ದರೂ ಇಡೀ ಮಾಳಿಗೆ "ಏ ಕಾಪ್ಯೋ ಛೇ!" ಎಂದು ಅಬ್ಬರಿಸಿತು.

ಮೂಗು ಮೇಲೆ ಮಾಡಿ ನಿಂತ ಆ ಕಾರನ್ನು ನೋಡಿ ನನಗೆ ಉಂಟಾದ ಹಿಗ್ಗು ಹೇಳತೀರದು. ಒಮ್ಮೆ ಮಳೆಯಲ್ಲಿ ಇಡೀ ಗೂಡ್ಸ್ ರೈಲನ್ನು ಎತ್ತಿ ನಿಲ್ಲಿಸಿದಾಗಲೂ ಅಂಥದ್ದು ಆಗಿರಲಿಲ್ಲ.

ಹಿಂದಿನ ಗಾಲಿಗಳಿಗೆ ಕಟ್ಟಿಗೆ ಒತ್ತುಕೊಟ್ಟು, ಕಾರನ್ನು ನಾನೇ ಎರಡು ಸಲ ಅಲ್ಲಾಡಿಸಿ ನೋಡಿ, ಅವಳನ್ನು ಕೆಳಗೆ ಬಿಟ್ಟೆ. ಆಮೇಲೆ ನಾನೂ ಹೊಟ್ಟೆ ಒಳಗೆಳೆದುಕೊಂಡು ತೂರಿದೆ. ಎಂಜಿನ್ ಆರಿದ ಮೇಲೆ ಇಬ್ಬರೂ ಅಕ್ಕಪಕ್ಕ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದೆವು. ಮೂಗಿನ ನೇರಕ್ಕೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಪಪ್ಪಾ" ಎಂದಳು ಕಣ್ಣು ಬೋಲ್ಟಿನ ಮೇಲಿಟ್ಟೇ. "ಕಾಲೇಜಿನಲ್ಲಿ ಗಾಡಿ ಕಟ್ಟೋ ಟೀಮ್ ಇದೆ ನಾ? ನಾನು ಕೇಳಿದೆ. ನಿರವ್ ಅಂತ ಕ್ಯಾಪ್ಟನ್. ಅವನು ಹೇಳಿದ, ಗಾಡಿ ನಾವು ಮಾಡ್ತೀವಿ, ನಿನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ, ನೀನು ರಿಪೋರ್ಟ್ ಬರಿ. ಸಬ್ ಹಸೇ, ಎಲ್ಲರೂ ನಕ್ಕರು."

ದೀಪಾವಳಿಯಿಂದ ಅವಳು ನುಂಗಿಕೊಂಡಿದ್ದ ಮಾತು ಅದು. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಕಾರಿನ ಹೊಟ್ಟೆಗೆ ಹೇಳಿದಳು.

"ಭಾನುವಾರ ಅವನೂ ಬರ್ತಾನೇನು?"

"ಹಾಂ. ಸಣ್ಣ ಕಾರುಗಳ ಅದೇ ಕ್ಲಾಸಿನಲ್ಲಿ."

"ಹಂಗಾದ್ರ ಈ ಬೋಲ್ಟ್ ಗಟ್ಟಿ ತಿರುವು" ಎಂದೆ. ಅವಳು ನಕ್ಕಳು. ಹಲ್ಲೊಂದನ್ನು ಬಿಟ್ಟರೆ ಅವಳ ಮುಖವೆಲ್ಲ ಕಪ್ಪಾಗಿತ್ತು.

ಭಾನುವಾರ ಬೆಳಿಗ್ಗೆ ಹೊರಡುವಾಗ ಅದೇ ಮರಗಳನ್ನು ಗೇಟಿನ ಉಬ್ಬಿನ ಎರಡೂ ಕಡೆ ಇಟ್ಟು ಕಾರು ದಾಟಿಸಿದೆವು. ಒಂಚೂರೂ ಉಜ್ಜಲಿಲ್ಲ. ಬಾಲ್ಕನಿಯಿಂದ ಜಯಂತಿಭಾಯ್ ಕೈ ಬೀಸಿದರು. ಮರಗಳನ್ನು ಪಕ್ಕದ ಮನೆಯವರ ಜೀಪಿಗೆ ಹಾಕಿಸಿಕೊಂಡು ನಾವೂ ಹಿಂದೆ ಹೊರಟೆವು.

ಬಯಲಿನಲ್ಲಿ ಚಳಿಗಾಳಿ, ಧೂಳು, ಕಿತ್ತಳೆ ಬಣ್ಣದ ಕೋನ್‌ಗಳು, ತರುಣರ ಗುಂಪು. ಸ್ಪರ್ಧೆಗೆ ಮೊದಲು ಪ್ರತಿ ಕಾರಿನ ತಳ ನೋಡಬೇಕಿತ್ತು. ತಪಾಸಣೆಯವರು ನಮ್ಮ ಕಾರಿನ ಮುಂದೆ ಬಗ್ಗಿ, ಇನ್ನೂ ಬಗ್ಗಿ, ಕಡೆಗೆ ನೆಲಕ್ಕೆ ಕೆನ್ನೆ ಹಚ್ಚಿ, "ಕುಛ್ ನಹೀ ದಿಖತಾ, ಜ್ಯಾಕ್ ನಹೀ ಜಾತಾ" ಎಂದರು. ನಾನು ಜೀಪಿನಿಂದ ಮರ ಇಳಿಸಿದೆ. ಸಹನಾ ಒಂದೇ ಉಸಿರಿಗೆ ಹತ್ತಿಸಿ ನಿಲ್ಲಿಸಿದಳು. ಅವರು ಒಳಗೆ ಟಾರ್ಚ್ ಹಾಕಿ ನೋಡಿದರು. ಹೊಸ ಸಂಪ್ ಕನ್ನಡಿಯಂತಿತ್ತು, ಒಂದು ಹನಿ ಸೋರಿಕೆಯಿಲ್ಲ. ಹೂಂ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಅಲ್ಲಿದ್ದ ತಗ್ಗಿನ ಕಾರುಗಳೆಲ್ಲ ನಮ್ಮ ಮರದ ಹಿಂದೆ ಸಾಲುಗಟ್ಟಿದವು. ಸಾಲಿನಲ್ಲಿ ನಿರವ್ ಕೂಡ ಇದ್ದ. ಅವನ ಕಾರನ್ನು ಹತ್ತಿಸಲು ದಾರಿ ತೋರಿಸಿದವಳು ಸಹನಾನೇ. ಜಯಂತಿಭಾಯ್ ಥರವೇ ಎರಡೂ ಕೈ ಬೀಸಿ, "ಆವ್ವಾ ದೋ" ಎಂದಳು.

"ಅಂಕಲ್, ಇದು ನೀವು ಮಾಡಿದ್ದಾ?" ಎಂದು ಅವನು ಇಳಿದು ಬಂದು ಕೇಳಿದ.

"ಕಟ್ಟಿಗೆ ಬಿಗಿದವನು ನಾನು. ಇದು ಜಾರದೆ ನಿಲ್ಲುವ ಹಾಗೆ ಮಾಡಿದವಳು ಅವಳು" ಎಂದೆ ನನ್ನ ಒರಟು ಹಿಂದಿಯಲ್ಲಿ.

ಮೊದಲು ಓಡಿದ್ದು ನಿರವ್. ಜೋರಾಗಿಯೇ ಓಡಿಸಿದ. ಆದರೆ ಕೊನೆಯ ಕಡೆಯ ಇಕ್ಕಟ್ಟು ತಿರುವಿನಲ್ಲಿ ಕಾರಿನ ಹಿಂಭಾಗ ಆಚೆ ಬೀಸಿ ಒಂದು ಕೋನ್ ಹಾರಿತು. ಆಮೇಲೆ ಬಂದವರ ಕಾರುಗಳು ದೋಣಿಯ ಹಾಗೆ ಅತ್ತಿತ್ತ ವಾಲುತ್ತ ಬಂದವು. ಸಹನಾಳ ಸರದಿ ಬಂದಾಗ ಗಿರಿಜಾ ನನ್ನ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಬಾವುಟ ಬಿತ್ತು. ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಉಡದ ಹಾಗೆ ಹೊರಟಿತು. ಕೋನಿನಿಂದ ಕೋನಿಗೆ ತಿರುಗುವಾಗ ಒಂದಿಷ್ಟೂ ವಾಲಲಿಲ್ಲ. ಉಳಿದ ಕಾರುಗಳು ವಾಲಿ, ಸಾವರಿಸಿಕೊಂಡು, ಮತ್ತೆ ವಾಲುವ ಕಡೆಯಲ್ಲಿ ಇದು ಚಾಕು ಎಳೆದಂತೆ ಹೋಗುತ್ತಿತ್ತು. ಅವಳು ಗಾಡಿಯ ಕಾಲು ಮುರಿದು ಕೂರಿಸಿರಲಿಲ್ಲ. ಓಡುವವರು ಮೊದಲು ಬಗ್ಗಿ ನಿಲ್ಲುವುದಿಲ್ಲವೇ, ಹಾಗೆ ನಿಲ್ಲಿಸಿದ್ದಳು. ಇಕ್ಕಟ್ಟು ತಿರುವು ಬಂತು. ಗಿರಿಜಾ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ. ಧೂಳು ಎದ್ದಿತು, ಕಾರು ಧೂಳಿನಿಂದ ಆಚೆ ಬಂತು, ಕೋನ್‌ಗಳೆಲ್ಲ ನಿಂತಲ್ಲೇ ನಿಂತಿದ್ದವು.

ಸಣ್ಣ ಕಾರುಗಳ ವರ್ಗದಲ್ಲಿ ಸಹನಾ ಹಿರೇಮಠ ಮೊದಲನೆಯವಳು ಎಂದು ಧ್ವನಿವರ್ಧಕದಲ್ಲಿ ಸಾರಿದರು. ಹಿರೇಮಠವನ್ನು ಹೀರಾಮಠ್ ಎಂದೇ ಅಂದರು, ಆದರೆ ನನಗೆ ಅಷ್ಟು ಸ್ಪಷ್ಟವಾಗಿ ನನ್ನ ಹೆಸರು ಹಿಂದೆಂದೂ ಕೇಳಿಸಿರಲಿಲ್ಲ. ಗಿರಿಜಾ ಅಲ್ಲಿದ್ದ ಗುರುತುಪರಿಚಯವಿಲ್ಲದವರಿಗೆಲ್ಲ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ಹಂಚಿದಳು. ನಿರವ್ ಬಂದು ಸಹನಾಳ ಕೈ ಕುಲುಕಿ, ಸೋಮವಾರ ವರ್ಕ್‌ಶಾಪಿಗೆ ಬರುತ್ತೀಯಾ, ನಮ್ಮ ಗಾಡಿಯ ಸಸ್ಪೆನ್ಷನ್ ನೋಡಬೇಕು ಎಂದ. ಅವಳು ಹೋಳಿಗೆ ಅಗಿಯುತ್ತ, "ಔರ್ ರಿಪೋರ್ಟ್ ಕೌನ್ ಲಿಖೇಗಾ?" ಎಂದಳು. ಅವನು ಕಿವಿಯವರೆಗೂ ಕೆಂಪಾಗಿ, "ಮೈ ಲಿಖೂಂಗಾ" ಎಂದ. ಆ ವರ್ಷ ಅವನೇ ಬರೆದ. ಗಾಡಿಯನ್ನು ಸಹನಾ ಕಟ್ಟಿದಳು.

ಬಹುಮಾನವೆಲ್ಲ ಮುಗಿದು ಬಿಸಿಲು ಇಳಿಯುವಾಗ, ಬೇಕಾದವರು ಸುಮ್ಮನೆ ಒಂದು ಸುತ್ತು ಓಡಿಸಬಹುದು ಎಂದು ಹೇಳಿದರು. ಸಹನಾ ಬಂದು ತನ್ನ ಹೆಲ್ಮೆಟ್ಟನ್ನು ನನ್ನ ಕೈಗಿಟ್ಟಳು.

"ನಾನೇನವಾ? ವಯಸ್ಸಾದವನು!"

"ಚಲೋ ಪಪ್ಪಾ. ಅವಳು ಕರೀತಾಳೆ."

ಹೆಲ್ಮೆಟ್ ಒಳಗೆ ಸ್ಲೀಪರ್ ಮರದ ಹೊಟ್ಟಿನ ವಾಸನೆಯಿತ್ತು, ಅವಳ ತಲೆಗೂದಲಿನದು. ಸೀಟು ಎಷ್ಟು ಕೆಳಗಿತ್ತೆಂದರೆ ನೆಲದ ಮೇಲೆ ಪದ್ಮಾಸನ ಹಾಕಿದಂತಿತ್ತು. ಅವಳು ಬೇರೊಂದು ಹೆಲ್ಮೆಟ್ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಜನ್ಮದಲ್ಲಿ ನಾನು ಕಾರನ್ನು ಎತ್ತಿನ ಬಂಡಿಗಿಂತ ಜೋರಾಗಿ ಓಡಿಸಿದವನಲ್ಲ. ಬಾವುಟ ಬಿದ್ದಿತು. ಮೊದಲ ಕೋನ್ ದಾಟಿತು, ಎರಡನೆಯದೂ ದಾಟಿತು. ಕಾರು ನಿಜವಾಗಿಯೂ ವಾಲುತ್ತಿರಲಿಲ್ಲ. ನಾನು ಇನ್ನಷ್ಟು ಒತ್ತಿದೆ. ಧೂಳಿನಾಚೆ ಗಿರಿಜಾ ಎರಡೂ ಕೈ ಮೇಲೆತ್ತಿ ಕೂಗುತ್ತಿರುವುದು ಕಂಡಿತು. ಎದುರಿಗೆ ಆ ಇಕ್ಕಟ್ಟು ತಿರುವು ಬಾಯಿ ತೆರೆದು ಬಂತು.

"ಪಪ್ಪಾ, ಬ್ರೇಕ್ ಮುಟ್ಟಬೇಡಿ!" ಎಂದು ಮಗಳು ಕಿರುಚಿದಳು.

ನಾನು ಮುಟ್ಟಲಿಲ್ಲ.